ಮರೆಯಾದ ಕುಲ, ಉಳಿದ ಹೆಸರು: ಲ್ಯೂಕಿಪ್ಪಸ್ ಮತ್ತು ಚಂದನೆ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸನ ಅಯಾಸನನ್ನು ಕನ್ನಡದಲ್ಲಿ ‘ಅಶ್ವತ್ಥಾಮನ್’ ಆಗಿಸಿದರು. ಗ್ರೀಕ್ ಕಥೆಯನ್ನು ನಮ್ಮ ಪುರಾಣಪಾತ್ರದ ಪಕ್ಕದಲ್ಲಿರಿಸಿ ನೋಡುವ ಕ್ರಮಕ್ಕೆ ಅದೊಂದು ಉತ್ತಮ ನಿದರ್ಶನ. ನಿಜವಾದ ಗುರುತು ಮರೆಯಾಗಿ ಬದುಕುಳಿದ ಕನ್ಯೆಯರ ಕಥೆಗಳನ್ನೂ ಹೀಗೆ ಜೊತೆಯಾಗಿ ಓದಬಹುದು.

ಕ್ರೀಟ್ ದ್ವೀಪದ ಫೈಸ್ಟಾಸ್ ನಗರದ ಲಾಂಪ್ರಸ್ ಕುಲೀನ, ಆದರೆ ಬಡವ. ಹೆಣ್ಣು ಹುಟ್ಟಿದರೆ ತ್ಯಜಿಸಬೇಕೆಂದು ಗರ್ಭಿಣಿಯಾದ ಮಡದಿ ಗಲಾಟಿಯಾಳಿಗೆ ಆತ ಆಜ್ಞಾಪಿಸುತ್ತಾನೆ. ಹುಟ್ಟಿದ್ದು ಹೆಣ್ಣೇ. ತಾಯಿಯು ಗಂಡೆಂದು ಸುಳ್ಳು ಹೇಳಿ, ಲ್ಯೂಕಿಪ್ಪಸ್ ಎಂಬ ಗಂಡು ಹೆಸರಿಟ್ಟು ಸಾಕುತ್ತಾಳೆ. ಮಗಳ ಚೆಲುವು ಬೆಳೆದಂತೆ ಗುಟ್ಟು ಮುಚ್ಚಿಡುವುದು ಅಸಾಧ್ಯವಾಗುತ್ತದೆ. ತಾಯಿ ಲೀಟೋ ದೇವಿಯ ಮೊರೆ ಹೊಗುತ್ತಾಳೆ. ದೇವಿ ಹುಡುಗಿಯನ್ನು ಗಂಡಾಗಿಸುತ್ತಾಳೆ. ಆಂಟೊನಿನಸ್ ಲಿಬರಾಲಿಸನ ಸಂಕಲನದಲ್ಲಿ ಉಳಿದಿರುವ ಈ ಕಥೆಯಲ್ಲಿ ಸುಳ್ಳು ಹೊರಬೀಳುವುದಿಲ್ಲ. ಸುಳ್ಳಿಗೆ ಒಪ್ಪುವಂತೆ ದೇಹವೇ ಬದಲಾಗುತ್ತದೆ. ಮಹಾಭಾರತದಲ್ಲಿ ಗಂಡೆಂದು ಬೆಳೆದ ಶಿಖಂಡಿನಿಗೂ ಸ್ಥೂಣಾಕರ್ಣನೆಂಬ ಯಕ್ಷನಿಂದ ಇಂಥದೇ ಪರಿಹಾರ ದೊರೆಯುತ್ತದೆ.

ಜೈನಪುರಾಣದ ಚಂದನೆಯದು ಬೇರೆ ಹಾದಿ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಕ್ರಿ.ಶ. 898ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ, ಪೂಜೆ ಸಂದಿತೆಂದು ಅದರ ಪ್ರಶಸ್ತಿ ತಿಳಿಸುತ್ತದೆ. ಈ ಪರಂಪರೆಯನ್ನೇ ಚಾವುಂಡರಾಯನು 978ರಲ್ಲಿ ಕನ್ನಡ ಗದ್ಯಕ್ಕೆ ತಂದನು. ಉತ್ತರಪುರಾಣದ ಪ್ರಕಾರ ಚಂದನೆ ವೈಶಾಲಿಯ ಚೇಟಕರಾಜನ ಏಳು ಹೆಣ್ಣುಮಕ್ಕಳಲ್ಲಿ ಕಿರಿಯಳು. ವಿದ್ಯಾಧರನೊಬ್ಬ ಅಪಹರಿಸಿ ಕಾಡಿನಲ್ಲಿ ಬಿಟ್ಟುಹೋದ ಬಳಿಕ, ಆಕೆ ಕೈಯಿಂದ ಕೈಗೆ ದಾಟಿ ಕೌಶಾಂಬಿಯ ವೃಷಭಸೇನ ಶ್ರೇಷ್ಠಿಯ ಮನೆ ಸೇರುತ್ತಾಳೆ. ಶ್ರೇಷ್ಠಿಯ ಹೆಂಡತಿ ಸಂಶಯಪಟ್ಟು ಆಕೆಗೆ ಸಂಕೋಲೆ ತೊಡಿಸಿ, ಮಣ್ಣಿನ ಪಾತ್ರೆಯಲ್ಲಿ ಹುಳಿಗಂಜಿ ಬೆರೆಸಿದ ಹಾರಕದ ಅನ್ನವಿಕ್ಕುತ್ತಾಳೆ. ಅದೇ ನಗರದ ರಾಣಿ ಮೃಗಾವತಿ ಚಂದನೆಯ ಒಡಹುಟ್ಟಿದ ಅಕ್ಕ! ಆಹಾರಕ್ಕೆ ಬಂದ ವರ್ಧಮಾನಮುನಿಯೂ ಇನ್ನೊಬ್ಬ ಅಕ್ಕ ಪ್ರಿಯಕಾರಿಣಿಯ ಮಗ. ಆತನನ್ನು ಎದುರುಗೊಳ್ಳಲು ಹೊರಟಾಗ ಸಂಕೋಲೆ ಕಳಚುತ್ತದೆ. ಹಾರಕ ಶಾಲ್ಯನ್ನವಾಗುತ್ತದೆ, ಮಣ್ಣಿನ ಪಾತ್ರೆ ಹೊನ್ನಾಗುತ್ತದೆ. ಅನ್ನ ಮಾರ್ಪಟ್ಟಿತು, ಪಾತ್ರೆ ಮಾರ್ಪಟ್ಟಿತು. ಹೆಣ್ಣು ಹೆಣ್ಣಾಗಿಯೇ ಉಳಿದಳು.

ಶ್ವೇತಾಂಬರ ಪರಂಪರೆಯು ಇಲ್ಲಿ ಮುಖ್ಯವಾದ ಪಾಠಾಂತರವೊಂದನ್ನು ನೀಡುತ್ತದೆ. ಅಲ್ಲಿ ಆಕೆ ಚಂಪಾನಗರದ ದಧಿವಾಹನನ ಮಗಳು ವಸುಮತಿ. ‘ಚಂದನಾ’ ಎಂಬುದು ಆಕೆಯನ್ನು ಕೊಂಡ ವರ್ತಕನ ಮನೆಯಲ್ಲಿ ಬಂದ ಹೆಸರು. ಕುಲ ಬೆಳಕಿಗೆ ಬಂದ ಮೇಲೂ ಆಕೆ ಮತ್ತೆ ವಸುಮತಿಯಾಗುವುದಿಲ್ಲ. ದಾಸ್ಯದಲ್ಲಿ ದೊರೆತ ಹೆಸರಿನಿಂದಲೇ ದೀಕ್ಷಿತಳಾಗುತ್ತಾಳೆ. ಮಹಾವೀರನ ಸಂಘದ 36,000 ಆರ್ಯಿಕೆಯರಿಗೆ ಆಕೆಯೇ ಪ್ರಮುಖಳು ಎಂಬುದರಲ್ಲಿ ಎರಡೂ ಪರಂಪರೆಗಳು ಒಮ್ಮತ ಹೊಂದಿವೆ.

ಹೆಣ್ಣಾಗಿ ಬದುಕಲು ಎಡೆಯಿಲ್ಲದ ಮನೆಯಲ್ಲಿ ಗಲಾಟಿಯಾಳ ಮಗಳು ಗಂಡಾಗಿ ಉಳಿದಳು. ಚಂದನೆಯ ಕಥೆ ಆ ಎಡೆಯನ್ನು ಮನೆಯಾಚೆ, ಸಂಘದಲ್ಲಿ ಕಾಣುತ್ತದೆ. ತಂದೆಯ ಕುಲವಾಗಲಿ ಒಡೆಯನ ಮನೆಯಾಗಲಿ ಅಲ್ಲಿ ಆಕೆಯ ಗುರುತಲ್ಲ. ಜೈನಪುರಾಣಗಳಲ್ಲಿ ಸ್ತ್ರೀಯ ಸ್ಥಾನವನ್ನು ಚರ್ಚಿಸುವವರು ಆ ಸಂಕೋಲೆ ಕಳಚಿದ ಪವಾಡದಷ್ಟೇ ಈ ನೆಲೆಯನ್ನೂ ಗಮನಿಸಬೇಕು.