ಕಾಲಿನ ಚಡಪಡಿಕೆ: ನಿದ್ದೆ ತರುವ ಮಾತ್ರೆಯೇ ನಿದ್ದೆ ಕೆಡಿಸುವುದು ಯಾವಾಗ?

ರಾತ್ರಿ ಮಲಗಿದ ಕೂಡಲೇ ಕಾಲಿನೊಳಗೆ ಏನೋ ಹರಿದಾಡಿದಂತೆ, ಎಳೆದಂತೆ ಆಗುತ್ತದೆ. ಕಾಲು ಆಡಿಸದೆ ಇರಲು ಆಗುವುದೇ ಇಲ್ಲ. ಎದ್ದು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆ, ಮತ್ತೆ ಮಲಗಿದರೆ ಅದೇ ಕಥೆ. ಇಂಥವರಿಗೆ ಮಂಗಳೂರು-ಬೆಂಗಳೂರು ರಾತ್ರಿ ಬಸ್ಸೆಂದರೆ ಶಿಕ್ಷೆಯೇ ಸರಿ. ಮನೆಯವರು 'ಸುಸ್ತು', 'ಟೆನ್ಶನ್' ಎಂದು ಸುಮ್ಮನಾಗಿಬಿಡುತ್ತಾರೆ. ಆದರೆ ಇದೊಂದು ಕಾಯಿಲೆ, ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್.

ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಶೇ. 2.1ರಷ್ಟು ಜನರಲ್ಲಿ ಇದನ್ನು ಗುರುತಿಸಿತ್ತು. ಅಂದರೆ ನೂರರಲ್ಲಿ ಇಬ್ಬರು. ಗರ್ಭಿಣಿಯರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು.

ಡೋಪಮಿನ್‌ಗೂ ಕಾಲಿಗೂ ಏನು ಸಂಬಂಧ?

ಮೆದುಳಿನಲ್ಲಿ ಚಲನೆಯನ್ನು ಹತೋಟಿಯಲ್ಲಿಡುವ ರಾಸಾಯನಿಕಗಳಲ್ಲಿ ಡೋಪಮಿನ್ ಮುಖ್ಯವಾದದ್ದು. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಈ ಕಾಯಿಲೆಯವರ ಮೆದುಳಿನಲ್ಲಿ ಕಬ್ಬಿಣ ಕಡಿಮೆ ಇದ್ದು, ಡೋಪಮಿನ್ ವ್ಯವಸ್ಥೆ ಏರುಪೇರಾಗುತ್ತದೆ. ಹಾಗಾಗಿ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ, ರೋಪಿನಿರೋಲ್, ಪ್ರಾಮಿಪೆಕ್ಸೋಲ್ ಮಾತ್ರೆಗಳನ್ನು ಇದಕ್ಕೂ ಬಳಸಲಾಯಿತು. ಅಮೆರಿಕದಲ್ಲಿ ರೋಪಿನಿರೋಲ್‌ಗೆ 2005ರಲ್ಲಿ, ಪ್ರಾಮಿಪೆಕ್ಸೋಲ್‌ಗೆ 2006ರಲ್ಲಿ ಈ ಕಾಯಿಲೆಗಾಗಿ ಅನುಮತಿ ಸಿಕ್ಕಿತು.

ನಿದ್ದೆಗೆ ಆಗುವುದೇನು?

ಆರಂಭದಲ್ಲಿ ಲಾಭವೇ. ಕಾಲಿನ ಸಂಕಟ ಇಳಿಯುತ್ತದೆ, ನಿದ್ದೆಯಲ್ಲಿ ಕಾಲು ಪದೇಪದೇ ಜಗ್ಗುವುದು ಬಹಳ ಕಡಿಮೆಯಾಗುತ್ತದೆ, ಬೇಗ ನಿದ್ದೆ ಹತ್ತುತ್ತದೆ. ಆದರೆ ಕಾಲು ಜಗ್ಗುವುದು ನಿಂತಷ್ಟು ಸುಲಭವಾಗಿ ರಾತ್ರಿ ನಡುವೆ ಎಚ್ಚರವಾಗುವುದು ನಿಲ್ಲುವುದಿಲ್ಲ. ಲೆವೊಡೋಪಾದ ಪ್ರಭಾವ ಕೆಲವೇ ಗಂಟೆ. ಬೆಳಗಿನ ಜಾವಕ್ಕೆ ಚಡಪಡಿಕೆ ಮತ್ತೆ ಶುರುವಾಗಬಹುದು. ಕೆಲವರಿಗೆ ಹಗಲಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಬರುತ್ತದೆ, ವಾಹನ ಓಡಿಸುವವರಿಗೆ ಇದು ಅಪಾಯ.

ದೊಡ್ಡ ತೊಂದರೆ ಕಾಣಿಸುವುದು ತಿಂಗಳು, ವರ್ಷ ಕಳೆದ ಮೇಲೆ. ರಾತ್ರಿ ಹತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆಗೆ, ಆಮೇಲೆ ಮಧ್ಯಾಹ್ನಕ್ಕೇ ಶುರುವಾಗುತ್ತದೆ. ಕೈಗೂ ಹಬ್ಬುತ್ತದೆ. ಇದನ್ನು ಆಗ್ಮೆಂಟೇಶನ್ ಎನ್ನುತ್ತಾರೆ. ಡೋಪಮಿನ್‌ನಂತೆ ಕೆಲಸ ಮಾಡುವ ಮಾತ್ರೆಗಳಲ್ಲಿ ವರ್ಷಕ್ಕೆ ಸುಮಾರು ಶೇ. 7ರಿಂದ 8ರಷ್ಟು ಮಂದಿಗೆ ಹೀಗಾಗುತ್ತದೆ. ರೋಗ ಜಾಸ್ತಿಯಾಯಿತೆಂದು ಡೋಸ್ ಏರಿಸಿದರೆ ಕೆಲ ದಿನ ಆರಾಮ, ಮತ್ತೆ ಮೊದಲಿಗಿಂತ ಕಷ್ಟ. ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದ ಹಾಗೆ.

ಇನ್ನೊಂದು ಅಡ್ಡ ಪರಿಣಾಮವನ್ನು ಮನೆಯವರು ಗಮನಿಸಬೇಕು. ಕೆಲವರಿಗೆ ಜೂಜು, ಅತಿಯಾದ ಖರೀದಿ ಮುಂತಾದ ತಡೆಯಲಾಗದ ಚಟ ಹತ್ತಬಹುದು. ಮೊಬೈಲಿನಲ್ಲೇ ಜೂಜಾಡಬಹುದಾದ ಈ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ. ಅದನ್ನು ಗುಣದೋಷವೆಂದು ಬೈಯುವ ಮೊದಲು ಮಾತ್ರೆಯನ್ನೂ ಅನುಮಾನಿಸಬೇಕು.

ಈಗಿನ ಚಿಕಿತ್ಸೆ ಹೇಗೆ?

ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಡೋಪಮಿನ್ ಮಾತ್ರೆಗಳು ಮಾಮೂಲಿ ಚಿಕಿತ್ಸೆಯಾಗಬಾರದು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ಗೆ ಆದ್ಯತೆ. ಇವುಗಳಿಗೂ ತಲೆಸುತ್ತು, ತೂಕಡಿಕೆ ಇದೆ, ಆದರೆ ಆಗ್ಮೆಂಟೇಶನ್‌ನ ಕಾಟ ಕಡಿಮೆ.

ಅದಕ್ಕೂ ಮೊದಲು ಕಬ್ಬಿಣದ ಪರೀಕ್ಷೆ ಆಗಬೇಕು. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ದೊಡ್ಡವರಲ್ಲಿ ಫೆರಿಟಿನ್ 75 ಅಥವಾ ಕಡಿಮೆ ಇದ್ದರೆ ಕಬ್ಬಿಣ ಕೊಡುವುದನ್ನು ವೈದ್ಯರು ಪರಿಗಣಿಸುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಕಾಲು ಚಡಪಡಿಸುತ್ತದೆ ಎನ್ನುವ ಉಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ.

ನೆನಪಿಡಿ

* ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ನಿದ್ದೆ ಬರಿಸುವ ಕೆಲವು ಶೀತ-ಅಲರ್ಜಿ ಮಾತ್ರೆಗಳು ಚಡಪಡಿಕೆ ಹೆಚ್ಚಿಸುತ್ತವೆ. ಮೆಡಿಕಲ್‌ನಿಂದ ಸುಮ್ಮನೆ ತಂದು ನುಂಗಬೇಡಿ.
* ಚಡಪಡಿಕೆ ಮೊದಲಿಗಿಂತ ಬೇಗ ಶುರುವಾಗುತ್ತಿದ್ದರೆ ಗಂಟೆ ಬರೆದಿಟ್ಟು ವೈದ್ಯರಿಗೆ ತೋರಿಸಿ.
* ಡೋಪಮಿನ್ ಮಾತ್ರೆಯನ್ನು ತಾವಾಗಿ ಏರಿಸಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ. ವೈದ್ಯರು ಅದನ್ನು ನಿಧಾನವಾಗಿ ಇಳಿಸುತ್ತಾರೆ.