ಬೀಗ ಜಡಿದು ಹಣ ಕೇಳುವ ಕಳ್ಳ

ಕಳ್ಳ ಮನೆಗೆ ನುಗ್ಗಿದರೆ ಸಾಮಾನು ಹೊತ್ತೊಯ್ಯುವುದು ವಾಡಿಕೆ. ಏನನ್ನೂ ಒಯ್ಯದೆ, ನಿಮ್ಮದೇ ಬೀರುವಿಗೆ ತನ್ನ ಬೀಗ ಜಡಿದು, ‘ಹಣ ಕೊಟ್ಟರೆ ಕೀಲಿಕೈ ಕೊಡುತ್ತೇನೆ’ ಎಂದು ಚೀಟಿ ಅಂಟಿಸಿ ಹೋದರೆ? ಕಂಪ್ಯೂಟರ್ ಲೋಕದಲ್ಲಿ ಇಂಥ ಕಳ್ಳತನ ಮಾಡುವ ತಂತ್ರಾಂಶಕ್ಕೆ ‘ರ‍್ಯಾನ್ಸಮ್‌ವೇರ್’ ಎಂದು ಹೆಸರು. ಈ ಕಳ್ಳನಿಗೆ ಮೂರು ಅನುಕೂಲಗಳು ಬೇಕು: ಒಳನುಗ್ಗಲು ದಾರಿ, ಮುರಿಯಲಾಗದ ಬೀಗ, ಸಿಕ್ಕಿಬೀಳದೆ ಹಣ ಪಡೆಯುವ ಉಪಾಯ. ಇವು ಒಂದೊಂದಾಗಿ ಕೂಡಿಬಂದದ್ದೇ ಇದರ ಇತಿಹಾಸ.

1989ರ ಡಿಸೆಂಬರ್ ತಿಂಗಳಲ್ಲಿ ಏಡ್ಸ್ ರೋಗದ ಮಾಹಿತಿಯುಳ್ಳವು ಎನ್ನಲಾದ ಸುಮಾರು 20,000 ಫ್ಲಾಪಿ ಡಿಸ್ಕ್‌ಗಳು ಅಂಚೆಯಲ್ಲಿ ಹಲವು ದೇಶಗಳಿಗೆ ಹೋದವು. ಡಿಸ್ಕ್ ಬಳಸಿದ ಕಂಪ್ಯೂಟರನ್ನು ಸುಮಾರು 90 ಬಾರಿ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳು ಕಲಸಿಹೋಗುತ್ತಿದ್ದವು. ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳುಹಿಸಿ ಎಂಬ ಬೇಡಿಕೆ ಬರುತ್ತಿತ್ತು. ಆರೋಪಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ. ಅವರ ಬಂಧನವಾಯಿತು, ಮಾನಸಿಕವಾಗಿ ವಿಚಾರಣೆ ಎದುರಿಸಲು ಶಕ್ತರಲ್ಲವೆಂದು ಬ್ರಿಟನ್ನಿನ ನ್ಯಾಯಾಲಯ ತೀರ್ಮಾನಿಸಿತು.

ಆಗ ಮೂರೂ ಅನುಕೂಲಗಳು ಕಳ್ಳನ ಪಾಲಿಗೆ ಅರೆಬರೆ. ಅಂಚೆಯ ದಾರಿ ನಿಧಾನ. ಹಣಕ್ಕೆ ಕೊಟ್ಟ ವಿಳಾಸ ಬಹಿರಂಗ. ಬೀಗವೂ ದುರ್ಬಲವೇ. ಹಾಕುವ ಕೀಲಿಯೇ ತೆರೆಯುವ ಕೀಲಿಯೂ ಆಗಿದ್ದರಿಂದ ತಜ್ಞರು ಬೇಗನೆ ಬಿಡಿಸಿದರು.

1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಗೂಢಲಿಪಿ ತಜ್ಞರು ಒಂದು ಎಚ್ಚರಿಕೆ ಕೊಟ್ಟರು. ದೇವಸ್ಥಾನದ ಹುಂಡಿಯನ್ನು ನೆನೆಯಿರಿ. ಹಣ ಹಾಕಲು ಯಾರಿಗೂ ಅಡ್ಡಿಯಿಲ್ಲ. ತೆರೆಯಲು ಕೀಲಿ ಇದ್ದವರೇ ಬೇಕು. ಹೀಗೆಯೇ ಮುಚ್ಚುವುದಕ್ಕೊಂದು, ತೆರೆಯುವುದಕ್ಕೊಂದು ಎಂದು ಎರಡು ಕೀಲಿಗಳ ಗಣಿತ 1970ರ ದಶಕದಲ್ಲೇ ಸಿದ್ಧವಾಗಿತ್ತು. ನಮ್ಮ ಬ್ಯಾಂಕ್ ವ್ಯವಹಾರವನ್ನು ಕಾಯುವ ಈ ಗಣಿತವೇ ವೈರಸ್ ಬರೆಯುವವನ ಕೈಗೂ ಸಿಗಬಹುದೆಂದು ಅವರು ತೋರಿಸಿದರು.

ಉಳಿದೆರಡು ಕೊರತೆಗಳನ್ನು ತುಂಬಿದವು ಇಂಟರ್‌ನೆಟ್ ಮತ್ತು 2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್. 2013ರ ‘ಕ್ರಿಪ್ಟೋಲಾಕರ್’ನಲ್ಲಿ ಮೂರೂ ಒಂದಾದವು: ಇ-ಮೇಲ್ ದಾರಿಯಾಯಿತು, ಎರಡು ಕೀಲಿಗಳ ಗಣಿತ ಬೀಗವಾಯಿತು, ಬಿಟ್‌ಕಾಯಿನ್ ವಸೂಲಿಯ ಉಪಾಯವಾಯಿತು. ಅಲ್ಲಿಂದ ಮುಂದೆ ಇದು ವ್ಯಾಪಾರವಾಗಿಯೇ ಬೆಳೆಯಿತು.

2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಸುಮಾರು 150 ದೇಶಗಳಿಗೆ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಒದಗಿಸಿತ್ತು, ಅನೇಕರು ಹಾಕಿಕೊಂಡಿರಲಿಲ್ಲ. 2021ರಲ್ಲಿ ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕಳ್ಳರು ಹೊಕ್ಕದ್ದು ಬಳಕೆ ತಪ್ಪಿದ ಒಂದು ಖಾತೆಯ ಪಾಸ್‌ವರ್ಡಿನಿಂದ. ಇಂಧನ ಸಾಗಣೆ ಕೆಲದಿನ ನಿಂತಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳೇ ಕೆಟ್ಟು, ಸಿಬ್ಬಂದಿ ಕಾಗದ-ಪೆನ್ನಿಗೆ ಮರಳಬೇಕಾಯಿತು.

ಇದಕ್ಕೆ ಮದ್ದು? 2017ರ ಜೂನ್‌ನಲ್ಲಿ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಮೂಲಕ ಹರಡಿದ ‘ನಾಟ್‌ಪೆಟ್ಯಾ’ ಹಣ ಕೇಳಿತಾದರೂ ಅದರ ನಿಜವಾದ ಉದ್ದೇಶ ನಾಶ. ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನ ಕೆಲಸ ನಿಂತಿತು. ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದು ನಡೆಸುತ್ತಿದ್ದ ಟರ್ಮಿನಲ್‌ಗೂ ಪೆಟ್ಟು ಬಿತ್ತು. ಕಂಪನಿಯ ಜಾಲವನ್ನು ಆಳುವ ಮುಖ್ಯ ಕಂಪ್ಯೂಟರ್‌ಗಳು ಒಂದಕ್ಕೊಂದು ನಕಲಾಗಿದ್ದವು. ಆದರೆ ಎಲ್ಲವೂ ಒಂದೇ ಜಾಲದಲ್ಲಿದ್ದುದರಿಂದ ಒಟ್ಟಿಗೇ ಅಳಿದವು. ಉಳಿದದ್ದು ಒಂದೇ, ಆಫ್ರಿಕದ ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು!

ಅದೃಷ್ಟ ಮಾಡಿದ ಆ ಕೆಲಸವನ್ನು ನಾವು ತಿಳಿದೇ ಮಾಡಬೇಕು. ಮುಖ್ಯ ಕಡತಗಳ ಒಂದು ನಕಲು ಜಾಲದಿಂದ ಹೊರಗೆ, ತಂತಿ ಕಿತ್ತ ಸ್ಥಿತಿಯಲ್ಲಿರಬೇಕು. ಕಡತಗಳನ್ನು ಮೊದಲೇ ಕದ್ದು ‘ಬಯಲು ಮಾಡುತ್ತೇವೆ’ ಎಂದು ಬೆದರಿಸುವ ರೂಢಿಯೂ 2019ರಿಂದ ಹೆಚ್ಚಿದೆ. ಆ ಬೆದರಿಕೆಗೆ ನಕಲು ಉತ್ತರವಾಗದು. ಕಳ್ಳನನ್ನು ಬಾಗಿಲಲ್ಲೇ ತಡೆಯಬೇಕು. ಆದರೆ ನಕಲೂ ಇಲ್ಲದವನ ಕೆಲಸ ಅಂದೇ ನಿಲ್ಲುತ್ತದೆ.

ನಿಮ್ಮ ಕಾಲೇಜಿನ ಅಂಕಪಟ್ಟಿಗಳ ನಕಲು ಎಲ್ಲಿದೆ? ಅದು ಜಾಲಕ್ಕೆ ಅಂಟಿಕೊಂಡಿದೆಯೇ, ಬೇರೆಯಾಗಿದೆಯೇ? ನಾಳೆ ಕೇಳಿ ನೋಡಿ.