ದಾರಿಯ ಮಗನ ಹಕ್ಕು: ನಿರ್ಜನ ಹಾದಿಗಳ ಉಚಿತ ತಂಗುದಾಣಗಳು

ಪವಿತ್ರ ಕುರ್‌ಆನ್ ಝಕಾತಿಗೆ ಅರ್ಹರಾದ ಎಂಟು ವರ್ಗದವರನ್ನು ಹೆಸರಿಸಿದೆ (9:60). ಬಡವರು, ನಿರ್ಗತಿಕರು, ಸಾಲಗಾರರು ನಮ್ಮ ನೆನಪಿನಲ್ಲಿದ್ದಾರೆ. ಆದರೆ ಆ ಪಟ್ಟಿಯ ಕೊನೆಯಲ್ಲಿ ಬರುವ 'ಇಬ್ನುಸ್ಸಬೀಲ್'ನನ್ನು ನಾವು ಬಹುತೇಕ ಮರೆತಿದ್ದೇವೆ. ಈ ಅರಬಿ ಪದದ ನೇರ ಅರ್ಥ 'ದಾರಿಯ ಮಗ' ಎಂದಾಗುತ್ತದೆ. ತನ್ನೂರಿನಲ್ಲಿ ಮನೆ, ಹೊಲ, ಸಂಪತ್ತು ಎಲ್ಲವೂ ಇದ್ದರೂ ದಾರಿಯಲ್ಲಿ ಕೈ ಬರಿದಾದವನು ಈ ವರ್ಗಕ್ಕೆ ಸೇರುತ್ತಾನೆ. ಬನೀ ಇಸ್ರಾಈಲ್ ಅಧ್ಯಾಯದಲ್ಲಿ (17:26) ಅಲ್ಲಾಹನು ಬಂಧುಗಳು ಮತ್ತು ಬಡವರೊಂದಿಗೆ ಪ್ರಯಾಣಿಕನನ್ನೂ ಉಲ್ಲೇಖಿಸಿ, ಅವರಿಗೆ ಸಲ್ಲಬೇಕಾದುದನ್ನು 'ಹಕ್ಕು' ಎಂದೇ ಕರೆದಿದ್ದಾನೆ. ಪ್ರಯಾಣಿಕನಿಗೆ ನೀಡುವ ಆಶ್ರಯವು ನಮ್ಮ ಔದಾರ್ಯವಲ್ಲ, ಅವನ ಹಕ್ಕು. ಮುಸ್ಲಿಮರ ಇತಿಹಾಸದಲ್ಲಿ ಈ ಹಕ್ಕು ಕಲ್ಲುಗೋಡೆಗಳ ರೂಪ ಪಡೆದುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಪ್ರವಾದಿ ಮುಹಮ್ಮದರು(ಸ) ಅತಿಥಿ ಸತ್ಕಾರಕ್ಕೆ ಮೂರು ದಿನಗಳ ಅವಧಿಯನ್ನು ನಿಗದಿಪಡಿಸಿದರು. ಮೊದಲ ಒಂದು ಹಗಲು ಮತ್ತು ಇರುಳು ವಿಶೇಷ ಉಪಚಾರ, ಒಟ್ಟು ಮೂರು ದಿನ ಆತಿಥ್ಯ, ಅದಕ್ಕಿಂತ ಹೆಚ್ಚಿನದು ದಾನ. ಆತಿಥೇಯನಿಗೆ ಕಷ್ಟವಾಗುವಷ್ಟು ಕಾಲ ಅತಿಥಿಯು ಉಳಿಯಬಾರದೆಂದೂ ಅವರು ಎಚ್ಚರಿಸಿದರು. ಹೀಗೆ ಈ ನಿಯಮದಲ್ಲಿ ಇಬ್ಬರ ಮೇಲೂ ಕರುಣೆಯಿದೆ.

ಮನೆಯೊಂದು ನೀಡಬಹುದಾದ ಆತಿಥ್ಯಕ್ಕೆ ಮಿತಿಯಿದೆ. ಊರೇ ಇಲ್ಲದ ಮರುಭೂಮಿಯಲ್ಲಿ, ಹಿಮ ಸುರಿಯುವ ಬೆಟ್ಟದ ದಾರಿಯಲ್ಲಿ ಬಾಗಿಲು ತೆರೆಯುವವರು ಯಾರು? ಉತ್ತರ ಹುಡುಕಿದವರಲ್ಲಿ ಕ್ರಿ.ಶ. 717ರಿಂದ 720ರವರೆಗೆ ಆಳಿದ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಮುಖ್ಯರು. ಅವರು ಸಮರ್ಕಂದದ ಅಧಿಕಾರಿಗೆ ಬರೆದ ಆದೇಶವನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಆ ಪ್ರಾಂತದಲ್ಲಿ ತಂಗುದಾಣಗಳನ್ನು ಸ್ಥಾಪಿಸಬೇಕು, ಹಾದುಹೋಗುವ ಮುಸ್ಲಿಮರಿಗೆ ಒಂದು ಹಗಲು ಮತ್ತು ಒಂದು ಇರುಳು ಆತಿಥ್ಯ ನೀಡಿ ಅವರ ಸವಾರಿ ಪ್ರಾಣಿಗಳನ್ನೂ ನೋಡಿಕೊಳ್ಳಬೇಕು, ಅಸ್ವಸ್ಥನಾದವನಿಗೆ ಅದರ ಎರಡರಷ್ಟು ಕಾಲ ಆಶ್ರಯ ಕೊಡಬೇಕು, ದಾರಿಯಲ್ಲಿ ದಿಕ್ಕಿಲ್ಲದೆ ಉಳಿದವನಿಗೆ ಊರು ಸೇರುವಷ್ಟು ನೆರವು ನೀಡಬೇಕು ಎಂಬುದು ಅದರ ಸಾರಾಂಶ. ಪ್ರಯಾಣಿಕನ ಹಸಿವಿನ ಜೊತೆಗೆ ಅವನ ಕುದುರೆಯ ಹಸಿವೂ ಖಲೀಫರ ಗಮನದಲ್ಲಿತ್ತು.

ಅದೇ ಶತಮಾನದ ಕೊನೆಯ ಭಾಗದಲ್ಲಿ ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಅವರು ಕೂಫಾದಿಂದ ಮಕ್ಕಾಕ್ಕೆ ಸಾಗುವ ಹಜ್ಜ್ ಹಾದಿಯುದ್ದಕ್ಕೂ ಬಾವಿ, ಜಲಾಶಯ ಮತ್ತು ವಿಶ್ರಾಂತಿ ತಾಣಗಳಿಗಾಗಿ ಅಪಾರ ಸಂಪತ್ತನ್ನು ವ್ಯಯಿಸಿದರು. ಸಾವಿರ ಕಿಲೋಮೀಟರಿಗೂ ದೀರ್ಘವಾದ ಆ ಮರಳುದಾರಿ ಇಂದಿಗೂ 'ದರ್ಬ್ ಝುಬೈದಾ' ಎಂದು ಅವರ ಹೆಸರಿನಲ್ಲೇ ಇದೆ. ಮಳೆನೀರನ್ನು ಹಿಡಿದಿಡಲು ಕಟ್ಟಿದ ಕಲ್ಲಿನ ಕೊಳಗಳ ಅವಶೇಷಗಳು ಇಂದಿಗೂ ಸೌದಿ ಅರೇಬಿಯಾದ ಬಯಲಿನಲ್ಲಿ ಕಾಣಸಿಗುತ್ತವೆ.

ಹದಿಮೂರನೆಯ ಶತಮಾನದಲ್ಲಿ ಈ ಪರಂಪರೆಯು ಇಂದಿನ ತುರ್ಕಿಯ ಅನತೋಲಿಯಾ ಪ್ರಸ್ಥಭೂಮಿಯಲ್ಲಿ ಉನ್ನತಿಯನ್ನು ಕಂಡಿತು. ಸಲ್ಜೂಕ್ ಸುಲ್ತಾನರು ಮತ್ತು ಅವರ ಅಮೀರರು ಹೆದ್ದಾರಿಗಳಲ್ಲಿ ಸುಮಾರು ಒಂದು ದಿನದ ಪಯಣಕ್ಕೊಂದರಂತೆ 'ಖಾನ್'ಗಳನ್ನು ಕಟ್ಟಿಸಿದರು. ಕೊನ್ಯಾದಿಂದ ಅಕ್ಸರಾಯ್‌ಗೆ ಹೋಗುವ ದಾರಿಯಲ್ಲಿರುವ, 1229ರಲ್ಲಿ ಸುಲ್ತಾನ್ ಅಲಾಉದ್ದೀನ್ ಕೈಕುಬಾದ್ ಕಟ್ಟಿಸಿದ ಸುಲ್ತಾನ್ ಖಾನ್ ಅವುಗಳಲ್ಲಿ ಹಿರಿದು. ಕೋಟೆಯಂತಹ ಗೋಡೆ, ಒಂದೇ ಹೆಬ್ಬಾಗಿಲು, ಬೇಸಿಗೆಗೆ ತೆರೆದ ಅಂಗಳ, ಚಳಿಗಾಲಕ್ಕೆ ಕಮಾನುಗಳ ಮುಚ್ಚಿದ ಸಭಾಂಗಣ, ಅಂಗಳದ ನಡುವೆ ನಾಲ್ಕು ಕಮಾನುಗಳ ಮೇಲೆ ನಿಂತ ಪುಟ್ಟ ಮಸೀದಿ ಅದರಲ್ಲಿವೆ.

ಇಂತಹ ಕಟ್ಟಡಗಳು ನಮ್ಮನ್ನು ಬೆರಗುಗೊಳಿಸುತ್ತವೆ. ಆದರೆ ನಾವು ಹೆಚ್ಚು ಗಮನಿಸಬೇಕಾದುದು ಅವುಗಳ ಹಿಂದಿನ ದಾಖಲೆಯನ್ನು. ಕೈಸೇರಿ ನಗರದ ಪೂರ್ವಕ್ಕಿರುವ ಕರತಾಯ್ ಖಾನ್‌ನ ವಕ್ಫ್ ಪತ್ರ ಉಳಿದುಬಂದಿದೆ. ಅದರ ಕಾಲ 1247. ಅದನ್ನು ಮಾಡಿಸಿದ ಅಮೀರ್ ಜಲಾಲುದ್ದೀನ್ ಕರತಾಯ್ ಗುಲಾಮಗಿರಿಯಿಂದ ಮೇಲೆ ಬಂದು ರಾಜ್ಯದ ಉನ್ನತ ಹುದ್ದೆಗೇರಿದವರು. ಅಲ್ಲಿಗೆ ಬರುವ ಪ್ರಯಾಣಿಕ ಮುಸ್ಲಿಮನಾಗಲಿ ಅಲ್ಲದವನಾಗಲಿ, ಪುರುಷನಾಗಲಿ ಸ್ತ್ರೀಯಾಗಲಿ, ಸ್ವತಂತ್ರನಾಗಲಿ ಗುಲಾಮನಾಗಲಿ ಎಲ್ಲರಿಗೂ ರೊಟ್ಟಿ ಮತ್ತು ಮಾಂಸದ ಊಟ ಸಮನಾಗಿ ಸಿಗಬೇಕೆಂದು ಆ ಪತ್ರ ವಿಧಿಸಿತು. ಜುಮುಅದಂದು ಜೇನಿನ ಹಲ್ವ, ಬಡ ಪ್ರಯಾಣಿಕನಿಗೆ ಪಾದರಕ್ಷೆ, ರೋಗಿಗೆ ಗುಣವಾಗುವವರೆಗೆ ಆರೈಕೆ, ಅಲ್ಲೇ ಮರಣ ಹೊಂದಿದವನಿಗೆ ಗೌರವದ ಅಂತ್ಯಸಂಸ್ಕಾರ ಎಲ್ಲವನ್ನೂ ಅದರಲ್ಲಿ ಬರೆದಿಡಲಾಗಿತ್ತು. ಸ್ವತಃ ಗುಲಾಮನಾಗಿದ್ದವರು ತಮ್ಮ ಪತ್ರದಲ್ಲಿ ಗುಲಾಮನನ್ನೂ ಮರೆಯಲಿಲ್ಲ.

ಈ ವೆಚ್ಚವೆಲ್ಲ ಎಲ್ಲಿಂದ ಬರುತ್ತಿತ್ತು? ಖಾನ್ ಕಟ್ಟಿದವರು ಅದರ ಜೊತೆಗೆ ಊರುಗಳ ಆದಾಯವನ್ನೂ ವಕ್ಫ್ ಮಾಡುತ್ತಿದ್ದರು. ನಾಳೆಯ ರೊಟ್ಟಿಗೆ, ದೀಪದ ಎಣ್ಣೆಗೆ, ಇಮಾಮರ ಸಂಬಳಕ್ಕೆ, ಸೂರಿನ ದುರಸ್ತಿಗೆ ಮೊದಲೇ ಏರ್ಪಾಡು ಇರುತ್ತಿತ್ತು. ಕಟ್ಟಿಸಿದವನು ತೀರಿಹೋದ ಮೇಲೂ ಒಲೆ ಆರದಿರಲು ಇದೇ ಕಾರಣ.

ಪ್ರಯಾಣಿಕನ ಸೇವೆಯು ಮುಸ್ಲಿಮರ ಸ್ವತ್ತು ಮಾತ್ರವಲ್ಲ ಎಂಬುದನ್ನೂ ನಾವು ಅರಿತಿರಬೇಕು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ನಮ್ಮ ಕರಾವಳಿಯ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದು ಕೇರಳದ ಕೊಲ್ಲಂವರೆಗೆ ಸಾಗಿದರು. ಗೋವಾದಿಂದ ಕೊಲ್ಲಂವರೆಗಿನ ಮರಗಳ ನೆರಳಿನ ಆ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ತಂಗುಮನೆಯಿದ್ದು, ಯಾವ ಧರ್ಮದವರೂ ಅದರ ಜಗಲಿಗಳಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತೆಂದು ಅವರು ಬರೆದಿದ್ದಾರೆ. ಪ್ರತಿ ಮನೆಯ ಬಳಿ ಬಾವಿಯಿತ್ತು, ನೀರು ಕೊಡಲು ಮುಸ್ಲಿಮೇತರನೊಬ್ಬ ನಿಂತಿರುತ್ತಿದ್ದ. ಮುಸ್ಲಿಮರಿಗೆ ಪಾತ್ರೆಯಲ್ಲಿ ಕೊಡದೆ ಬೊಗಸೆಗೆ ಸುರಿಯುತ್ತಿದ್ದ, ಸಾಕೆಂದು ಸನ್ನೆ ಮಾಡುವವರೆಗೂ ಸುರಿಯುತ್ತಿದ್ದ. ಮಡಿ ಮೈಲಿಗೆಯ ಗೆರೆ ಅಲ್ಲಿತ್ತು, ಆದರೆ ದಾಹಗೊಂಡವನಿಗೆ ನೀರನ್ನು ನಿರಾಕರಿಸುವ ಪದ್ಧತಿ ಇರಲಿಲ್ಲ.

ಕಾಲ ಬದಲಾಯಿತು. ವ್ಯಾಪಾರ ಮಾರ್ಗಗಳು ಸರಿದವು, ರೈಲು ಮತ್ತು ಮೋಟಾರು ಬಂದವು. ಅನತೋಲಿಯಾದ ಕೆಲವು ಖಾನ್‌ಗಳು ಇಂದು ಪ್ರವಾಸಿಗರು ನೋಡುವ ಸ್ಮಾರಕಗಳಾಗಿವೆ, ಹಲವು ಪಾಳುಬಿದ್ದಿವೆ. ನಮ್ಮ ವಿಜಯಪುರದಲ್ಲಿ ಆದಿಲ್‌ಶಾಹಿಗಳ ಕಾಲದಲ್ಲಿ ಮುಸ್ತಫಾ ಖಾನ್ ಕಟ್ಟಿಸಿದ ಸರಾಯಿ ಬ್ರಿಟಿಷರ ಆಡಳಿತದಲ್ಲಿ ಸೆರೆಮನೆಯಾಯಿತು. ದಾರಿಹೋಕರಿಗೆ ತೆರೆದಿದ್ದ ಬಾಗಿಲು ಕೈದಿಗಳ ಮೇಲೆ ಮುಚ್ಚಿತು.

ಆದರೆ ದಾರಿಯ ಮಗ ಇಲ್ಲವಾಗಲಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ವಲಸೆ ಕಾರ್ಮಿಕರು ಹೆಂಡತಿ ಮಕ್ಕಳೊಂದಿಗೆ ನೂರಾರು ಕಿಲೋಮೀಟರ್ ನಡೆದುದನ್ನು ನಾವೆಲ್ಲ ಕಂಡಿದ್ದೇವೆ. ಕೊನೆಯ ಬಸ್ಸು ತಪ್ಪಿಸಿಕೊಂಡವರು, ದೂರದ ಆಸ್ಪತ್ರೆಗೆ ರೋಗಿಯನ್ನು ಕರೆತಂದು ವರಾಂಡದಲ್ಲಿ ಮಲಗುವವರು, ಕೆಲಸ ಅರಸಿ ಬಂದ ಯುವಕರು ಇಂದಿನ ಇಬ್ನುಸ್ಸಬೀಲ್‌ಗಳೇ. ಅವರು ಬರುವ ಹೊತ್ತಿಗೆ ನಮ್ಮ ಅನೇಕ ಮಸೀದಿಗಳ ಗೇಟಿಗೆ ಬೀಗ ಬಿದ್ದಿರುತ್ತದೆ. ಕಳ್ಳತನದ ಭಯ, ಅಪರಿಚಿತರ ಕುರಿತ ಆತಂಕ ಇದಕ್ಕೆ ಕಾರಣವೆಂಬುದು ನಿಜ. ಸಲ್ಜೂಕರ ಕಾಲದಲ್ಲಿ ದರೋಡೆಯ ಭಯ ಇನ್ನೂ ಹೆಚ್ಚಿತ್ತು. ಅವರು ಗೋಡೆಯನ್ನು ದಪ್ಪವಾಗಿ ಕಟ್ಟಿ ಬಾಗಿಲಿಗೆ ಕಾವಲು ಇಟ್ಟರು, ಪ್ರಯಾಣಿಕನನ್ನು ಒಳಗೆ ಕರೆದುಕೊಂಡರು.

ನಮಗೆ ಇಂದು ಸುಲ್ತಾನ್ ಖಾನ್ ಕಟ್ಟುವ ಅಗತ್ಯವಿಲ್ಲ. ಹೆದ್ದಾರಿ ಬದಿಯ ಅಥವಾ ಆಸ್ಪತ್ರೆಯಿರುವ ಊರಿನ ಜಮಾಅತ್ ಒಂದು ಕೊಠಡಿ, ಶೌಚಾಲಯ, ಕುಡಿಯುವ ನೀರು, ಚಾಪೆ ಮತ್ತು ಹೊದಿಕೆಯನ್ನು ಒದಗಿಸಬಹುದು. ಕುಟುಂಬದೊಂದಿಗೆ ಬರುವ ಸ್ತ್ರೀಯರಿಗೆ ಪ್ರತ್ಯೇಕ ಸ್ಥಳವಿರಲಿ. ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳಲಿ, ಮೂರು ದಿನಗಳ ಮಿತಿಯಿರಲಿ. ಅದರ ಖರ್ಚಿಗೆ ಒಂದು ಅಂಗಡಿಯ ಬಾಡಿಗೆಯನ್ನು ವಕ್ಫ್ ಮಾಡಲು ಸ್ಥಿತಿವಂತರು ಮುಂದೆ ಬರಲಿ. ಬಂದವನ ಧರ್ಮ ಯಾವುದೆಂದು ಕರತಾಯ್ ಖಾನ್‌ನ ಅಡುಗೆಯವನು ಕೇಳಲಿಲ್ಲ, ನಾವೂ ಕೇಳದಿರೋಣ. ದಾರಿಯ ಮಗನ ಹಕ್ಕನ್ನು ಅವನಿಗೆ ಮರಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.